ವಾರಾನ್ನದಿಂದ ವಿದ್ಯಾರ್ಥಿ ನಿಲಯದವರೆಗೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಹಳ್ಳಿಯ ಮನೆಗಳ ಅಟ್ಟದಿಂದ ತಗಡಿನ ಟ್ರಂಕು ಕೆಳಗಿಳಿಯುತ್ತಿತ್ತು. ಅದಕ್ಕೊಂದು ಹೊಸ ಬೀಗ; ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಒಳಗೆ ಎರಡು ಜೊತೆ ಬಟ್ಟೆ, ಜಮಖಾನ, ತಟ್ಟೆ, ಲೋಟ, ಕೊಬ್ಬರಿ ಎಣ್ಣೆಯ ಶೀಶೆ. ಹಾಸ್ಟೆಲಿನ ಸಪ್ಪೆ ಸಾರಿಗೆ ಜೊತೆಯಾಗಲೆಂದು ತಾಯಿ ಕಟ್ಟಿಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿ. ಜೂನ್ ತಿಂಗಳ ಮೊದಲ ಮಳೆಯ ಹೊತ್ತಿಗೆ ಎಂಟನೆಯ ತರಗತಿಯ ಹುಡುಗ ತಂದೆಯ ಹಿಂದೆ ಬಸ್ಸು ಹತ್ತುತ್ತಿದ್ದ.

ಹದಿಮೂರರ ಪ್ರಾಯದಲ್ಲೇ ಮನೆ ಬಿಡಬೇಕಾಗಿದ್ದಕ್ಕೆ ಕಾರಣ ಸರಳ. ಊರಿನಲ್ಲಿದ್ದುದು ಪ್ರಾಥಮಿಕ ಶಾಲೆ. ಹೈಸ್ಕೂಲು ತಾಲ್ಲೂಕು ಕೇಂದ್ರದಲ್ಲಿ. ಫೀಜು ಹೇಗೋ ಹೊಂದಿಸಬಹುದಿತ್ತು. ಆದರೆ ಪಟ್ಟಣದಲ್ಲಿ ಹುಡುಗನಿಗೆ ಎರಡು ಹೊತ್ತಿನ ಊಟ ಹಾಕುವವರು ಯಾರು? ಕನ್ನಡ ನಾಡಿನ ವಿದ್ಯಾರ್ಥಿ ನಿಲಯಗಳ ಚರಿತ್ರೆ ಹುಟ್ಟುವುದೇ ಈ ಪ್ರಶ್ನೆಯಿಂದ.

ಹಳೆಯ ಮೈಸೂರಿನಲ್ಲಿ ಇದಕ್ಕೆ ಸಿಕ್ಕ ಮೊದಲ ಉತ್ತರ ವಾರಾನ್ನ. ಬಡ ವಿದ್ಯಾರ್ಥಿ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದ. ಯಾವುದಾದರೂ ಮನೆಯವರು ಊರಿಗೆ ಹೋದರೆ ಅಂದು ಉಪವಾಸವೇ ಗತಿ. ಹೀಗೆ ಓದಿ ದೊಡ್ಡ ಹುದ್ದೆಗೆ ಏರಿದವರು ಅನೇಕರು. ಆದರೆ ಈ ವ್ಯವಸ್ಥೆ ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಮಾತ್ರ ದೊರಕುತ್ತಿತ್ತು ಎಂಬುದನ್ನು ಮರೆಯಬಾರದು. ಪಟ್ಟಣದಲ್ಲಿ ತಮ್ಮವರ ಮನೆಗಳೇ ವಿರಳವಾಗಿದ್ದ ಒಕ್ಕಲು ಮಕ್ಕಳಿಗೆ, ಯಾರ ಹೊಸ್ತಿಲನ್ನೂ ದಾಟುವಂತಿರದಿದ್ದ ದಲಿತ ಮಕ್ಕಳಿಗೆ ಏಳು ಮನೆಗಳಿರಲಿ, ಒಂದು ಮನೆಯೂ ಇರಲಿಲ್ಲ.

ಎಲ್ಲರಿಗೂ ಒಂದೇ ನಿಲಯ ತೆರೆದಿದ್ದರೆ ಸಾಕಿತ್ತಲ್ಲವೇ ಎಂದು ಇಂದು ಕೇಳಬಹುದು. ರಾಯಬಾಗದಂಥ ಕನ್ನಡ ಪ್ರದೇಶವೂ ಸೇರಿದ್ದ ಕೊಲ್ಲಾಪುರ ಸಂಸ್ಥಾನದ ಅನುಭವ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿ ಶಾಹು ಮಹಾರಾಜರು 1896ರಲ್ಲಿ ಎಲ್ಲ ಜಾತಿಯವರಿಗೂ ಸೇರಿದ ನಿಲಯ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಬ್ರಾಹ್ಮಣ ವಿದ್ಯಾರ್ಥಿಗಳ ನಿಲಯವಾಗಿ ಉಳಿಯಿತು. ಆಗ ಮಹಾರಾಜರು ದಾರಿ ಬದಲಿಸಿ, 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ, ಮುಂದೆ ಲಿಂಗಾಯತ, ಮುಸ್ಲಿಂ ವಿದ್ಯಾರ್ಥಿಗಳಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿದ್ದ ಮಕ್ಕಳಿಗೆ ಬೇರೆ ಬೇರೆ ನಿಲಯಗಳಿಗೆ ಆಸರೆಯಾದರು.

ಕನ್ನಡ ನಾಡಿನಲ್ಲೂ ನಡೆದದ್ದು ಇದೇ. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ವಿದ್ಯಾಭ್ಯಾಸವೇ ಇವುಗಳ ಮುಖ್ಯ ಕಾಳಜಿಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕೆಂದಿತು. ಪಾಲು ಸಿಕ್ಕರೂ ಪಡೆಯಲು ಓದಿದ ಹುಡುಗರು ಬೇಕಲ್ಲ! ಉತ್ತರದಲ್ಲಿ ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮೀಜಿಯಂಥವರು ಭಕ್ತರಿಂದ ದವಸ ಕೂಡಿಸಿ ಉಚಿತ ಪ್ರಸಾದ ನಿಲಯ ನಡೆಸಿದರು. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾವ್ ತಮ್ಮ ಜಾತಿಯವರ ಬಹಿಷ್ಕಾರ ಎದುರಿಸಿಯೂ ದಲಿತ ಮಕ್ಕಳ ಶಿಕ್ಷಣಕ್ಕೆ ನೆಲೆ ಕಟ್ಟಿದರು. 1920ರ ದಶಕದ ಕೊನೆಯ ಹೊತ್ತಿಗೆ ಡಾ. ಬಿ.ಆರ್. ಅಂಬೇಡ್ಕರರ ಪ್ರಯತ್ನದಿಂದ ಧಾರವಾಡದಲ್ಲೂ ದಲಿತ ವಿದ್ಯಾರ್ಥಿ ನಿಲಯ ಬಂತು.

ನಿಲಯ ಯಾರದೇ ಇರಲಿ, ಒಳಗಿನ ದಿನಚರಿ ಹೆಚ್ಚುಕಡಿಮೆ ಒಂದೇ. ಐದು ಗಂಟೆಗೆ ಗಂಟೆ, ತಣ್ಣೀರ ಸ್ನಾನಕ್ಕೆ ಸಾಲು, ಪ್ರಾರ್ಥನೆ, ಓದು. ಮೇಲ್ವಿಚಾರಕರ ಕಣ್ಣು ತಪ್ಪಿಸಿ ಎರಡನೆಯ ಆಟದ ಸಿನಿಮಾ. ಮನೆಯಿಂದ ದುಡ್ಡು ಬರುವ ತನಕ ಸಾಲ ಕೊಡುವ ಗೆಳೆಯ. ಮೊದಲ ವಾರ ಹೊದಿಕೆಯೊಳಗೆ ಅತ್ತವನೇ ದಸರಾ ರಜೆಯಲ್ಲಿ ಊರಿಗೆ ಹೋದಾಗ ನಾಲ್ಕು ದಿನಕ್ಕೆ ಬೇಸರಪಡುತ್ತಿದ್ದ. ಬಾಡಿಗೆ ಕೋಣೆ ಹಿಡಿದ ಧಾರವಾಡದ ಹುಡುಗರಿಗಂತೂ ಹಳ್ಳಿಯ ಬಸ್ಸಿನಲ್ಲಿ ಬರುವ ರೊಟ್ಟಿಯ ಬುತ್ತಿಯೇ ಆಧಾರ.

ಸ್ವಾತಂತ್ರ್ಯಾನಂತರ ಈ ಹೊಣೆಯ ಬಹುಪಾಲನ್ನು ಸರ್ಕಾರ ಹೊತ್ತಿತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕುಗಳಿಗೂ ಹಬ್ಬಿದವು. ಕವಿ ಸಿದ್ಧಲಿಂಗಯ್ಯ (1954–2021) ಅವರ ಆತ್ಮಕಥೆ 'ಊರುಕೇರಿ'ಯಲ್ಲಿ ಹಾಸ್ಟೆಲು ಬರಿಯ ಊಟದ ಜಾಗವಲ್ಲ. ಹಸಿದ ಹುಡುಗನೊಬ್ಬ ಪುಸ್ತಕವನ್ನೂ ಹೋರಾಟವನ್ನೂ ಕಂಡುಕೊಂಡ ಜಾಗ.

ಜಾತಿಗೊಂದು ನಿಲಯ ಕಟ್ಟಿದ್ದು ಏಣಿಯೋ ಗೋಡೆಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಎರಡೂ ನಿಜ. ಅದಿಲ್ಲದಿದ್ದರೆ ಎಷ್ಟೋ ಮನೆಗಳ ಮೊದಲ ಪದವೀಧರ ಹುಟ್ಟುತ್ತಿರಲಿಲ್ಲ. ಆದರೆ ಒಂದೇ ತರಗತಿಯಲ್ಲಿ ಪಕ್ಕಪಕ್ಕ ಕುಳಿತ ಹುಡುಗರು ಸಂಜೆ ಬೇರೆ ಬೇರೆ ಪಂಕ್ತಿಗೆ ಮರಳುತ್ತಿದ್ದುದೂ ಸುಳ್ಳಲ್ಲ. ತುಮಕೂರಿನ ಸಿದ್ಧಗಂಗೆ ಇದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. 1941ರಲ್ಲಿ ಮಠದ ಹೊಣೆ ಹೊತ್ತು 2019ರಲ್ಲಿ ಅಗಲಿದ ಶಿವಕುಮಾರ ಸ್ವಾಮೀಜಿ ಎಲ್ಲ ಜಾತಿ, ಮತಗಳ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ರೈತರು ತಂದುಕೊಟ್ಟ ರಾಗಿ ಎಲ್ಲರ ತಟ್ಟೆಗೂ ಮುದ್ದೆಯಾಗಿ ಬಿತ್ತು.

ತಗಡಿನ ಟ್ರಂಕಿನ ಜಾಗಕ್ಕೆ ಇಂದು ಬಣ್ಣದ ಬ್ಯಾಗು ಬಂದಿದೆ. ಜೂನ್ ತಿಂಗಳಲ್ಲಿ ಹಾಸ್ಟೆಲಿನ ಸೀಟಿಗಾಗಿ ಅರ್ಜಿ ಹಿಡಿದು ನಿಲ್ಲುವ ತಂದೆಯರಿದ್ದಾರೆ. ಮಗನಿಗಷ್ಟೇ ಅಲ್ಲ, ಮಗಳಿಗಾಗಿಯೂ. ಊಟಕ್ಕೆ ನೆಲೆ ಸಿಕ್ಕರೆ ಓದಿಗೂ ನೆಲೆ ಸಿಕ್ಕೀತು ಎಂಬ ಆ ಹಳೆಯ ಲೆಕ್ಕ ಮಾತ್ರ ಬದಲಾಗಿಲ್ಲ.