ನಿರ್ಗೀತದಿಂದ ರಾಗಮಾಲೆಗೆ: ಪದವಿಲ್ಲದ ನಾದ ಮತ್ತು ಕೇಳುಗರ ಕಲ್ಪನೆ

ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ, ಪೂರ್ವರಂಗದ ವಿಧಿಗಳನ್ನು ಹೇಳುವ ಸಂದರ್ಭದಲ್ಲಿ, ಒಂದು ಕಿರುಗಥೆ ಬರುತ್ತದೆ. ದೇವದಾನವರು ನೆರೆದ ಸಭೆಯಲ್ಲಿ ನಾರದನೇ ಮೊದಲಾದ ಗಂಧರ್ವರು ಗಾನವನ್ನು ಕೇಳಿಸುತ್ತಾರೆ. ಅದರಲ್ಲಿ ದೇವತೆಗಳ ಮಹಿಮೆಯನ್ನು ಕೊಂಡಾಡುವ ಗೀತವೂ ಇತ್ತು. ಅರ್ಥವಿಲ್ಲದ ಅಕ್ಷರಗಳೊಡನೆ ವೀಣೆಯ ಮೀಟುಗಳನ್ನು ಆಶ್ರಯಿಸಿದ ನಿರ್ಗೀತವೂ ಇತ್ತು. ದೇವಸ್ತುತಿಯನ್ನು ಕೇಳಿ ದೈತ್ಯರೂ ರಾಕ್ಷಸರೂ ಮತ್ಸರದಿಂದ ಕ್ಷೋಭೆಗೊಂಡರು. ತಮ್ಮತಮ್ಮಲ್ಲಿ ಸಮಾಲೋಚಿಸಿ, ತಮ್ಮ ಕಾರ್ಯಗಳ ಕೀರ್ತನೆಯಿಂದ ದೇವತೆಗಳು ಸಂತೋಷಪಡಲಿ, ವಾದ್ಯದೊಡನೆ ಕೂಡಿದ ನಿರ್ಗೀತವನ್ನು ತಾವು ಸ್ವೀಕರಿಸುತ್ತೇವೆ ಎಂದರು. ದಾನವರು ಅದನ್ನು ಮತ್ತೆ ಮತ್ತೆ ಕೇಳಬಯಸಿದಾಗ ದೇವತೆಗಳು ಕೆರಳಿ, ಈ ಪ್ರಯೋಗವೇ ಇಲ್ಲವಾಗಲಿ ಎಂದು ನಾರದನಲ್ಲಿ ಕೇಳಿಕೊಂಡರು. ನಾರದನು ಒಪ್ಪಲಿಲ್ಲ. ನಿರ್ಗೀತವು ನಾಶವಾಗುವುದು ಬೇಡ, ಅದರಿಂದ ತೃಪ್ತರಾದ ದೈತ್ಯರು ಪ್ರಯೋಗಕ್ಕೆ ವಿಘ್ನವನ್ನುಂಟುಮಾಡರು ಎಂದು ಸಮಾಧಾನಪಡಿಸಿದನು. ದೇವತೆಗಳ ಮೇಲಿನ ಗೌರವದಿಂದ ಅದಕ್ಕೆ 'ಬಹಿರ್ಗೀತ' ಎಂಬ ಇನ್ನೊಂದು ಹೆಸರು ಬಂದಿತು.

ಪದವಿಲ್ಲದ ಸಂಗೀತದ ಕೇಳುಗರನ್ನು ಕುರಿತು ಭಾರತೀಯ ಶಾಸ್ತ್ರಸಾಹಿತ್ಯದಲ್ಲಿ ದೊರೆಯುವ ಬಹು ಹಳೆಯ ಚಿಂತನೆಗಳಲ್ಲಿ ಇದೂ ಒಂದು. ಗೀತದ ಅರ್ಥವನ್ನು ಪದಗಳು ಮೊದಲೇ ನಿರ್ಧರಿಸಿಬಿಡುತ್ತವೆ. ಆದ್ದರಿಂದ ಅಲ್ಲಿ ಸ್ತುತಿಗೆ ಪಾತ್ರರಾದವರು ಮತ್ತು ಪಾತ್ರರಾಗದವರು ಎಂಬ ಭೇದ ಏಳುತ್ತದೆ. ನಿರ್ಗೀತದಲ್ಲಿ ಯಾರ ಹೆಸರೂ ಇಲ್ಲ. ಹಾಗಾಗಿ ಸ್ತುತಿಯಿಂದ ಹೊರಗುಳಿದವರಿಗೂ ಅಲ್ಲಿ ಜಾಗ ದೊರೆಯಿತು. ಬಹಿರ್ಗೀತದ ಅಂಗಗಳನ್ನು ಪ್ರಯೋಗಿಸಬೇಕಾದದ್ದು ತೆರೆಯ ಒಳಗಿನಿಂದ ಎಂಬುದೂ ಗಮನಾರ್ಹ. ಪ್ರೇಕ್ಷಕನ ಕಣ್ಣಿಗೆ ರಂಗದ ಮೇಲೆ ಇನ್ನೂ ಏನೂ ಕಾಣದಿರುವಾಗಲೇ ಕಿವಿಗೆ ನಾದ ತಲುಪುತ್ತದೆ. ಮುಂದೆ ಕಾಣಲಿರುವುದನ್ನು ಅವನು ತನ್ನೊಳಗೇ ಊಹಿಸಿಕೊಳ್ಳತೊಡಗುತ್ತಾನೆ.

ಹಾಗಾದರೆ ಪದವಿಲ್ಲದ ನಾದಕ್ಕೆ ಅರ್ಥವುಂಟೆ? ಉಂಟಾದರೆ ಅದು ನಾದದಲ್ಲಿದೆಯೋ ಕೇಳುಗನಲ್ಲಿದೆಯೋ? ಭರತನೇ ಒಂದು ಉತ್ತರವನ್ನು ಸೂಚಿಸಿದ್ದಾನೆ. ಅವನು ಮಧ್ಯಮ ಪಂಚಮಗಳನ್ನು ಹಾಸ್ಯ ಶೃಂಗಾರಗಳಿಗೂ, ಷಡ್ಜ ಋಷಭಗಳನ್ನು ವೀರ ರೌದ್ರ ಅದ್ಭುತಗಳಿಗೂ, ಗಾಂಧಾರ ನಿಷಾದಗಳನ್ನು ಕರುಣಕ್ಕೂ, ಧೈವತವನ್ನು ಬೀಭತ್ಸ ಭಯಾನಕಗಳಿಗೂ ವಿಧಿಸುತ್ತಾನೆ. ಆದರೆ ಇದು ನಾಟ್ಯಪ್ರಯೋಗಕ್ಕೆ ಸಂಬಂಧಿಸಿದ ವ್ಯವಸ್ಥೆ. ರಂಗದ ಮೇಲೆ ಪಾತ್ರವೂ ಸನ್ನಿವೇಶವೂ ಇರುವಾಗ ಸ್ವರವು ಅವುಗಳಿಗೆ ಬಲ ತುಂಬುತ್ತದೆ. ನಾಟಕವನ್ನು ಕಳಚಿಟ್ಟು ಸ್ವರವೊಂದನ್ನೇ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಇಲ್ಲಿ ನೇರವಾದ ಉತ್ತರ ಸಿಗುವುದಿಲ್ಲ.

ಅದನ್ನು ಎದುರಿಸಿದವನು ಒಂಬತ್ತನೆಯ ಶತಮಾನದ ಆನಂದವರ್ಧನ. ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಅವನು ವ್ಯಂಜನಾವ್ಯಾಪಾರವು ಅಭಿಧೆಗಿಂತ ಬೇರೆಯೆಂದು ಸಾಧಿಸಬೇಕಾಗುತ್ತದೆ. ಆಗ ಅವನು ಮುಂದಿಡುವ ನಿದರ್ಶನಗಳಲ್ಲಿ ಸಂಗೀತದ ಧ್ವನಿಯೂ ಒಂದು. ಗೀತದ ನಾದಕ್ಕೆ ವಾಚ್ಯಾರ್ಥವೆಂಬುದಿಲ್ಲ. ಆದರೂ ಅದರಿಂದ ರಸದ ಪ್ರತೀತಿಯಾಗುವುದನ್ನು ಎಲ್ಲರೂ ಬಲ್ಲರು. ವಾಚಕವಲ್ಲದ್ದೂ ವ್ಯಂಜಕವಾಗಬಲ್ಲದಾದರೆ ಇವೆರಡು ಶಕ್ತಿಗಳು ಒಂದೇ ಆಗಿರಲಾರವು ಎಂಬುದು ಅವನ ವಾದ. ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳು ಈ ಭಾಗವನ್ನು ಸಾಮಾನ್ಯವಾಗಿ ಶಬ್ದಶಕ್ತಿಯ ಚರ್ಚೆಯಾಗಿ ಮಾತ್ರ ಓದುತ್ತಾರೆ. ಸಂಗೀತದ ದೃಷ್ಟಿಯಿಂದಲೂ ಇದು ಮಹತ್ತ್ವದ ಮಾತು. ನಾದವು ರಸವನ್ನು ವ್ಯಂಜಿಸುತ್ತದೆ ಎಂದನೇ ಹೊರತು ನಾದವು ಇಂಥ ದೃಶ್ಯವನ್ನು, ಇಂಥ ಕಥೆಯನ್ನು ಹೇಳುತ್ತದೆ ಎಂದು ಆನಂದವರ್ಧನನು ಹೇಳಲಿಲ್ಲ.

ದೃಶ್ಯವನ್ನು ಸೇರಿಸಿದವರು ಮುಂದಿನ ಕಾಲದವರು. ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗ್ರಾಮರಾಗಗಳಿಗೆ ಅಧಿದೇವತೆ, ಋತು, ದಿನದ ಹೊತ್ತು, ರಸ ಇವುಗಳನ್ನು ಹೇಳುತ್ತಾನೆ. ಇಲ್ಲಿ ರಾಗಕ್ಕೆ ಕಾಲವೂ ದೈವವೂ ದೊರೆತವು. ಆಕಾರ ಇನ್ನೂ ದೊರೆತಿರಲಿಲ್ಲ. ಆಕಾರವನ್ನು ಕೊಟ್ಟ ಮೊದಲಿಗರಲ್ಲಿ ಒಬ್ಬ ಜೈನ ಮುನಿ ಪ್ರಮುಖನು. ವಾಚನಾಚಾರ್ಯ ಸುಧಾಕಲಶನು 1350ರಲ್ಲಿ ರಚಿಸಿದ ಸಂಗೀತೋಪನಿಷತ್ಸಾರೋದ್ಧಾರದಲ್ಲಿ ರಾಗಗಳು ಹಲವು ಕೈಗಳುಳ್ಳ, ಆಯುಧಗಳನ್ನು ಹಿಡಿದ, ವಾಹನವನ್ನೇರಿದ ದೇವತಾಮೂರ್ತಿಗಳಾಗಿ ವರ್ಣಿತವಾಗಿವೆ. ಮಂತ್ರದೇವತೆಗೆ ಧ್ಯಾನಶ್ಲೋಕವಿರುವಂತೆ ರಾಗಕ್ಕೂ ಧ್ಯಾನಶ್ಲೋಕವೊಂದು ಹುಟ್ಟಿಕೊಂಡಿತು.

ಇಂದು ತಿಳಿದಿರುವ ಮಟ್ಟಿಗೆ ರಾಗಗಳ ಅತ್ಯಂತ ಹಳೆಯ ಚಿತ್ರಗಳು ಸಿಗುವುದೂ ಜೈನ ಹಸ್ತಪ್ರತಿಯೊಂದರಲ್ಲಿಯೇ. ಹದಿನೈದನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ, ಅಹಮದಾಬಾದಿನ ದೇವಸಾನೋ ಪಾಡೋ ಭಂಡಾರದ ಕಲ್ಪಸೂತ್ರದ ಪ್ರತಿಯಲ್ಲಿ ಪುಟದ ಅಂಚುಗಳ ಮೇಲೆ ರಾಗ ರಾಗಿಣಿಯರ ಮೂರ್ತಿಗಳನ್ನು ಬರೆಯಲಾಗಿದೆ. ಪುಟದ ನಡುವೆ ತೀರ್ಥಂಕರರ ಚರಿತ್ರೆ, ಅಂಚಿನಲ್ಲಿ ಸಂಗೀತ. ಮಧ್ಯದ ಪಠ್ಯಕ್ಕೂ ಅಂಚಿನ ಮೂರ್ತಿಗಳಿಗೂ ನೇರ ಸಂಬಂಧವಿಲ್ಲ. ಆ ಮೂರ್ತಿಗಳು ಒಂಟಿಯಾಗಿ ನಿಂತಿವೆ, ಅವುಗಳ ಸುತ್ತ ಕಥೆಯಿಲ್ಲ. ಹದಿನಾರನೆಯ ಶತಮಾನದ ರಾಗಮಾಲಾ ಚಿತ್ರಗಳಿಗೆ ಬರುವ ಹೊತ್ತಿಗೆ ಸ್ಥಿತಿ ಬದಲಾಗುತ್ತದೆ. ದೇವತೆಯ ಜಾಗಕ್ಕೆ ನಾಯಕ ನಾಯಿಕೆಯರು ಬರುತ್ತಾರೆ; ಮಂಟಪ, ಮಳೆ, ಉಯ್ಯಾಲೆ, ಕಾಡು ಬರುತ್ತವೆ. ವೀಣೆ ಹಿಡಿದು ಕಾಡಿನಲ್ಲಿ ನಿಂತು ಜಿಂಕೆಗಳನ್ನು ಸೆಳೆಯುವವಳು ತೋಡಿ. ಹಾವುಗಳೊಡನೆ ಬೆಟ್ಟದಲ್ಲಿ ಕುಳಿತವಳು ಆಸಾವರಿ. ಶಿವಲಿಂಗವನ್ನು ಪೂಜಿಸುವವಳು ಭೈರವಿ.

ಈ ಬೆಳವಣಿಗೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ಶಿವಗಂಗೆಯ ಪರಿಸರದ ಸಾತನೂರಿನವನೆಂದು ತನ್ನನ್ನು ಪರಿಚಯಿಸಿಕೊಳ್ಳುವ ಪುಂಡರೀಕವಿಠ್ಠಲನು ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ಷಡ್ರಾಗಚಂದ್ರೋದಯವನ್ನು ಬರೆದನು. 1576ರ ಅವನ ರಾಗಮಾಲಾ ಗ್ರಂಥದಲ್ಲಿ ರಾಗಗಳು ಪುರುಷರು, ಪತ್ನಿಯರು, ಪುತ್ರರು ಎಂಬ ಸಂಸಾರವಾಗಿ ಹೊಂದಿಕೊಂಡಿವೆ. ಸ್ವರಗಳ ಲೆಕ್ಕದಲ್ಲಿ ಪಳಗಿದ ದಾಕ್ಷಿಣಾತ್ಯನೊಬ್ಬ ಉತ್ತರದ ರೂಪಕಲ್ಪನೆಯನ್ನೂ ತನ್ನದಾಗಿಸಿಕೊಂಡ ಬಗೆಯಿದು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾಹನು (ಆಳ್ವಿಕೆ 1580–1627) ದಖನಿಯಲ್ಲಿ ರಚಿಸಿದ ಕಿತಾಬ್-ಎ-ನೌರಸ್‌ನ ಹಾಡುಗಳು ರಾಗಗಳ ಅನುಸಾರವಾಗಿ ಜೋಡಣೆಗೊಂಡಿವೆ. ಕೆಲವು ಹಾಡುಗಳು ರಾಗದ ರೂಪವನ್ನೇ ವರ್ಣಿಸುತ್ತವೆ. 'ನೌರಸ್' ಎಂಬ ಹೆಸರಿನಲ್ಲಿ ನಮ್ಮ ನವರಸವೇ ಅಡಗಿದೆ.

ವಾದ್ಯಸಂಗೀತದ ದೃಷ್ಟಿಯಿಂದ ಇವೆಲ್ಲಕ್ಕಿಂತ ಕುತೂಹಲಕರವಾದ ಗ್ರಂಥ 1609ರಲ್ಲಿ ಸೋಮನಾಥನು ಬರೆದ ರಾಗವಿಬೋಧ. ರಾಗಕ್ಕೆ ಎರಡು ರೂಪಗಳುಂಟು, ಒಂದು ನಾದಮಯ, ಇನ್ನೊಂದು ದೇವತಾಮಯ ಎಂದು ಅವನು ಗ್ರಹಿಸುತ್ತಾನೆ. ಐದನೆಯ ವಿವೇಕದಲ್ಲಿ ಎರಡನ್ನೂ ಕೊಡುತ್ತಾನೆ: ವೀಣೆಯ ಮೇಲೆ ಬೆರಳು ಮೀಟಬೇಕಾದ, ಎಳೆಯಬೇಕಾದ ಬಗೆಗಳನ್ನು ಚಿಹ್ನೆಗಳಿಂದ ಸೂಚಿಸಿ ಬರೆದ ಸ್ವರಲಿಪಿ ಒಂದೆಡೆ, ರಾಗದ ಧ್ಯಾನಶ್ಲೋಕ ಇನ್ನೊಂದೆಡೆ. ಮೀಟನ್ನು ಇಷ್ಟು ಸೂಕ್ಷ್ಮವಾಗಿ ದಾಖಲಿಸಿದವನಿಗೂ ಅದಷ್ಟೇ ಸಾಲದೆನಿಸಿತು. ಆದರೆ ಮೀಟಿನ ಇಂಥ ಚಲನೆಯಿಂದ ಧ್ಯಾನದ ಇಂಥ ಅಂಶ ಹೊರಡುತ್ತದೆ ಎಂಬ ಸಂಬಂಧವನ್ನು ಅವನು ಬೆಸೆಯುವುದಿಲ್ಲ. ಎರಡೂ ಅಕ್ಕಪಕ್ಕದಲ್ಲಿ ಇವೆ, ಅಷ್ಟೆ.

ಆ ಸಂಬಂಧವು ಸ್ವರದಲ್ಲಿಯೇ ಬೇರುಬಿಟ್ಟದ್ದಲ್ಲ ಎಂಬುದಕ್ಕೆ ತೋಡಿಯ ಚರಿತ್ರೆ ಸಾಕ್ಷಿ ಹೇಳುತ್ತದೆ. ಹದಿನೇಳನೆಯ ಶತಮಾನದ ಗ್ರಂಥಗಳಲ್ಲಿ ಹೇಳಿರುವ ತೋಡಿಯ ಸ್ವರಗಳು ಇಂದಿನ ಹಿಂದೂಸ್ಥಾನಿ ಭೈರವಿ ಥಾಟಿಗೆ ಹೊಂದುತ್ತವೆ. ಕರ್ನಾಟಕ ಸಂಗೀತದ ತೋಡಿ ಇಂದಿಗೂ ಅದೇ ಸ್ವರಗಳಲ್ಲಿದೆ. ಉತ್ತರದಲ್ಲಿ ಮಾತ್ರ ತೋಡಿಯ ಸ್ವರಗಳು ಕಾಲಕ್ರಮದಲ್ಲಿ ಬದಲಾದವು. ಸ್ವರ ಬದಲಾದರೂ ಜಿಂಕೆಗಳ ನಡುವಿನ ವೀಣಾಧಾರಿಣಿ ಆ ಹೆಸರನ್ನು ಬಿಟ್ಟುಹೋಗಲಿಲ್ಲ. ಇಂದಿನ ಹಿಂದೂಸ್ಥಾನಿ ತೋಡಿಯ ಸ್ವರಗಳು ದಕ್ಷಿಣದ ಶುಭಪಂತುವರಾಳಿಯ ಸ್ವರಗಳೇ. ಶುಭಪಂತುವರಾಳಿಯೆಂದರೆ ಶೋಕಕ್ಕೆ ಮೀಸಲಾದ ರಾಗವೆಂದು ದಕ್ಷಿಣದ ರಸಿಕರು ಭಾವಿಸುತ್ತಾರೆ. ಏಳು ಸ್ವರಗಳ ಅದೇ ಸಾಲನ್ನು ಕೇಳಿ ಒಬ್ಬ ಕೇಳುಗನು ಬೆಳಗಿನ ಕಾಡನ್ನೂ ಇನ್ನೊಬ್ಬನು ಅಗಲಿಕೆಯ ಮನೆಯನ್ನೂ ಕಾಣುತ್ತಾನೆ. ಸಂಚಾರ, ಗಮಕಗಳ ಭೇದವೂ ಇದಕ್ಕೆ ಕಾರಣವೆಂಬುದು ನಿಜ, ಅದಷ್ಟೇ ಕಾರಣವಲ್ಲ. ಕೇಳುವ ಸಮುದಾಯದ ರೂಢಿಯೂ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ಈ ರೂಢಿಯ ಬಲವನ್ನು ತಿಳಿಯಲು ಶಾಸ್ತ್ರಗ್ರಂಥಗಳೇ ಬೇಕಾಗಿಲ್ಲ. ಕರ್ನಾಟಕದ ಮದುವೆಮನೆಯಲ್ಲಿ ಗಟ್ಟಿಮೇಳ ಮೊಳಗಿದೊಡನೆ, ರಾಗದ ಹೆಸರರಿಯದ ಮಗುವೂ ಕೈಯಲ್ಲಿ ಅಕ್ಷತೆ ಹಿಡಿದು ಮಂಟಪದತ್ತ ತಿರುಗುತ್ತದೆ. ನಾದಸ್ವರವೂ ಡೋಲೂ ಒಂದು ಪದವನ್ನೂ ಉಚ್ಚರಿಸಿರುವುದಿಲ್ಲ. ಆದರೂ ನೆರೆದವರೆಲ್ಲರ ಕಣ್ಣಮುಂದೆ ಮಾಂಗಲ್ಯಧಾರಣೆಯ ಒಂದೇ ಚಿತ್ರ. ಇದಕ್ಕೆ ವಿರುದ್ಧವಾದ ನಿದರ್ಶನ ಸಾರಂಗಿಯದು. ರಾಷ್ಟ್ರೀಯ ಶೋಕದ ದಿನಗಳಲ್ಲಿ ಆಕಾಶವಾಣಿಯಿಂದ ಹರಿದುಬರುತ್ತಿದ್ದ ಸಾರಂಗಿಯನ್ನು ಕೇಳಿ ಕೇಳಿ, ಆ ವಾದ್ಯವೆಂದರೆ ಸಾವಿನ ಸುದ್ದಿಯೆಂದೇ ಅನೇಕ ಶ್ರೋತೃಗಳ ಮನಸ್ಸಿನಲ್ಲಿ ನಿಂತುಹೋಯಿತು. ಖಯಾಲ್ ಗಾಯನಕ್ಕೂ ಠುಮರಿಯ ಶೃಂಗಾರಕ್ಕೂ ಜೊತೆಯಾದ ವಾದ್ಯ ಅದು. ವಾದ್ಯದ ನಾದದಲ್ಲಿ ಇಲ್ಲದ ಅರ್ಥವನ್ನು ಪ್ರಸಾರದ ಪದ್ಧತಿಯೊಂದು ಅದಕ್ಕೆ ಅಂಟಿಸಿತು. ಇದರ ನಷ್ಟವನ್ನು ಹೊತ್ತವರು ಆ ವಾದ್ಯವನ್ನು ನಂಬಿದ ಕಲಾವಿದರು.

ಇಲ್ಲಿ ರಸಸಿದ್ಧಾಂತದ ಮುಂದೆ ಒಂದು ತೊಡಕು ನಿಲ್ಲುತ್ತದೆ. ಅಭಿನವಗುಪ್ತನು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಆ ವಿಘ್ನವನ್ನು ಕಳೆಯುವ ಸಾಧನಗಳಲ್ಲಿ ಅವನು ವಾದ್ಯವನ್ನೂ ಗಾನವನ್ನೂ ಹೆಸರಿಸುತ್ತಾನೆ. ಅಂದರೆ ನಾದವು ಕೇಳುಗನನ್ನು ಅವನ ಖಾಸಗಿ ನೆನಪುಗಳಿಂದ ಬಿಡಿಸಿ ಸಾಧಾರಣೀಕರಣದ ಕಡೆಗೆ ಒಯ್ಯಬೇಕು. ಆದರೆ ಲೋಕಾನುಭವದಲ್ಲಿ ವಾದ್ಯವನ್ನು ಕೇಳುವವನು ಎಷ್ಟೋ ಸಲ ತನ್ನ ನೆನಪಿನೊಳಕ್ಕೇ ಜಾರುತ್ತಾನೆ. ಹಾಗೆ ಜಾರಿದವನು ರಸಿಕನಲ್ಲವೆನ್ನಬೇಕೆ? ಆನಂದವರ್ಧನನ ಎಚ್ಚರದ ಮಾತು ಇಲ್ಲಿ ನೆರವಾಗುತ್ತದೆ. ನಾದವು ವ್ಯಂಜಿಸುವುದು ರಸವನ್ನು. ದೃಶ್ಯವು ಆ ರಸಕ್ಕೆ ಕೇಳುಗನು ತನ್ನ ಸಂಸ್ಕಾರದಿಂದ ತಂದೊಡ್ಡುವ ಆಸರೆ. ಮೊದಲನೆಯದನ್ನು ಸಹೃದಯರು ಹಂಚಿಕೊಳ್ಳಬಲ್ಲರು. ಎರಡನೆಯದು ಊರಿಗೆ, ಕಾಲಕ್ಕೆ, ವ್ಯಕ್ತಿಗೆ ತಕ್ಕಂತೆ ಬೇರೆಯಾಗುತ್ತದೆ.

ಈ ವಿವೇಕವಿದ್ದರೆ ಧ್ಯಾನಶ್ಲೋಕಗಳನ್ನೂ ರಾಗಮಾಲೆಗಳನ್ನೂ ಓದುವ ಬಗೆ ಬದಲಾಗುತ್ತದೆ. ಅವು ರಾಗದ ಲಕ್ಷಣಗಳಲ್ಲ. ಹಾಗೆಂದು ತೆಗೆದುಕೊಂಡವರಿಗೆ ಅವುಗಳಲ್ಲಿನ ಪರಸ್ಪರ ವಿರೋಧಗಳೇ ದೋಷಗಳಾಗಿ ಕಾಣುತ್ತವೆ. ಅವು ಕೇಳುಗರು ಬಿಟ್ಟುಹೋದ ದಾಖಲೆಗಳು. ಧ್ವನಿಮುದ್ರಣವಿಲ್ಲದ ಕಾಲದಲ್ಲಿ ವೀಣೆಯನ್ನು ಕೇಳಿದವರು ಏನನ್ನು ಕಂಡರು ಎಂಬುದನ್ನು ತಿಳಿಯಲು ನಮಗೆ ಉಳಿದಿರುವ ದಾರಿಗಳಲ್ಲಿ ಅವು ಮುಖ್ಯವಾದವು. ಆ ದೃಷ್ಟಿಯಿಂದ ನೋಡಿದರೆ ಒಂದೇ ರಾಗಕ್ಕೆ ಎರಡು ಚಿತ್ರಗಳಿರುವುದು ಗೊಂದಲವಲ್ಲ, ಎರಡು ಕೇಳ್ಮೆಗಳ ಸಾಕ್ಷ್ಯ. ದೇವತೆಗಳು ಅಳಿಸಿಬಿಡಬೇಕೆಂದ ನಿರ್ಗೀತವನ್ನು ನಾರದನು ಉಳಿಸಿದ್ದರಿಂದ, ಒಂದೇ ಸಭೆಯಲ್ಲಿ ದೇವತೆಗಳೂ ದೈತ್ಯರೂ ಅದೇ ವೀಣೆಯನ್ನು ಕೇಳುತ್ತ ಕುಳಿತಿರಲು ಸಾಧ್ಯವಾಯಿತು.