ಬೆಚ್ಚಗಿದ್ದರೆ ಸಾಲದು

ಮಗಳ ಬಾಣಂತನಕ್ಕೆಂದು ನಾನು ಶಿಕಾಗೋಗೆ ಹೋದದ್ದು ನವೆಂಬರ್ ತಿಂಗಳಲ್ಲಿ. ಪೆಟ್ಟಿಗೆಯ ತುಂಬ ಮೆಂತ್ಯ, ಒಣಶುಂಠಿ, ಅಂಟಿನುಂಡೆ, ನಾನೇ ಹೆಣೆದ ಸ್ವೆಟರು, ಕುಲಾವಿಗಳು. ಚಳಿಗೆ ಬೇಕಾದದ್ದೆಲ್ಲ ಒಯ್ದಿದ್ದೇನೆಂಬ ಹೆಮ್ಮೆ ನನಗೆ. ಹೋದ ಮರುದಿನ ಸಂಜೆ ನಾಲ್ಕೂವರೆ ಕಳೆಯುತ್ತಲೇ ಕಿಟಕಿಯಾಚೆ ಕತ್ತಲು ಕವಿಯಿತು. ಗಡಿಯಾರ ಕೆಟ್ಟಿದೆಯೇನೋ ಎಂದು ಎರಡು ಸಲ ನೋಡಿದೆ.

ಆ ಕತ್ತಲಲ್ಲಿ ಮನೆಯ ಒಂದು ಮೂಲೆ ಮಾತ್ರ ಬೆಳಗುತ್ತಿತ್ತು. ಅಲ್ಲೊಂದು ಪುಟ್ಟ ಮೇಜು, ಅದರ ಮೇಲೆ ತಟ್ಟೆಯಂಥ ಕುಂಡದಲ್ಲಿ ಒಂದೂವರೆ ಗೇಣಿನ ಬೊನ್ಸಾಯ್ ಮರ. ಅದರ ನೆತ್ತಿಗಿಂತ ಗೇಣು ಮೇಲೆ ಒಂದು ದೀಪ. ಅದು ನಮ್ಮ ಅತ್ತಿ, ಆಲಗಳ ವಂಶಕ್ಕೆ ಸೇರಿದ ಫೈಕಸ್ ಗಿಡವಂತೆ. ಬೇಸಿಗೆಯಲ್ಲಿ ಬಾಲ್ಕನಿಯಲ್ಲಿರುತ್ತದೆ, ರಾತ್ರಿಯ ಉಷ್ಣತೆ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ಬರುತ್ತದೆ. ದೀಪ ದಿನಕ್ಕೆ 14 ಗಂಟೆ ಉರಿಯುತ್ತದೆ.

"ಒಂದು ಗಿಡಕ್ಕಾಗಿ ಇಷ್ಟು ಕರೆಂಟು ಸುಡುತ್ತೀರಾ?" ಎಂದು ಕೇಳಿಯೇಬಿಟ್ಟೆ.

"ಮೊದಲ ವರ್ಷ ದೀಪ ಇಟ್ಟಿರಲಿಲ್ಲ ಅತ್ತೆ," ಎಂದರು ಅಳಿಯ. "ಬೆಚ್ಚಗಿರಲಿ ಅಂತ ಹೀಟರಿನ ಪಕ್ಕ ಇಟ್ಟಿದ್ದೆವು. ಜನವರಿಯೊಳಗೆ ಎಲೆಯೆಲ್ಲ ಉದುರಿತು. ಚಳಿಯಿಂದಲ್ಲ, ಹಸಿವಿನಿಂದ."

ಹಸಿವು ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮಗು ಮಲಗಿದ ಹೊತ್ತಿನಲ್ಲಿ ಅಲ್ಲಿನ ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಓದುತ್ತ ಹೋದೆ. ಬಿಸಿಲ ನಾಡಿನ ಗಿಡವನ್ನು ಹಿಮದ ನಾಡಿನಲ್ಲಿ ಉಳಿಸಿಕೊಳ್ಳಲು ಮನುಷ್ಯ ಪಟ್ಟ ಪಾಡಿಗೆ ಮುನ್ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಅದರಲ್ಲಿ ಬಹುಕಾಲ ಅವನೂ ನನ್ನ ಮಗಳ ಮನೆಯವರು ಮಾಡಿದ ತಪ್ಪನ್ನೇ ಮಾಡಿದ.

ಯೂರೋಪಿನ ದೊರೆಗಳಿಗೆ ಕಿತ್ತಳೆ ಗಿಡಗಳೆಂದರೆ ಬಲು ಮೋಹ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗಾಗಿ ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರವರೆಗೆ ಹಾರ್ಡ್ವಾನ್ ಮಾನ್ಸಾರ್ ಎಂಬ ವಾಸ್ತುಶಿಲ್ಪಿ ಕಿತ್ತಳೆಗಳಿಗೆಂದೇ ಒಂದು ದೊಡ್ಡ ಮನೆ ಕಟ್ಟಿದ. ದಪ್ಪ ಕಲ್ಲಿನ ಗೋಡೆ, ದಕ್ಷಿಣಕ್ಕೆ ಎತ್ತರದ ಕಿಟಕಿಗಳು, ಮೇಲೆ ಕಲ್ಲಿನ ಕಮಾನು. ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಗಿಡಗಳು ಚಳಿಗಾಲಕ್ಕೆ ಒಳಗೆ, ಬೇಸಿಗೆಗೆ ಹೊರಗೆ. ಈ ಪದ್ಧತಿ ಅಲ್ಲಿ ಇವತ್ತಿಗೂ ನಡೆದುಬಂದಿದೆ. ಆ ಮನೆಯೊಳಗೆ ಹಿಮ ಬೀಳುವುದಿಲ್ಲ, ಆದರೆ ತಂಪಾಗಿರುತ್ತದೆ. ಕಿತ್ತಳೆ ಗಿಡ ಆ ತಂಪಿನಲ್ಲಿ ಅರೆನಿದ್ದೆ ಮಾಡುತ್ತದೆ. ನಿದ್ದೆ ಮಾಡುವವರಿಗೆ ಊಟ ಕಡಿಮೆ ಸಾಕು. ಹಾಗಾಗಿ ಮಂದ ಬೆಳಕಿನಲ್ಲೂ ಬದುಕುತ್ತದೆ.

ಆದರೆ ನಿಜವಾದ ಉಷ್ಣವಲಯದ ಗಿಡಗಳಿಗೆ ಈ ತಂಪು ತಡೆಯದು. ಅವಕ್ಕಾಗಿ ಒಲೆ ಹೂಡಿದ ಮನೆಗಳು ಬಂದವು. 1685ರಲ್ಲಿ ಲಂಡನ್ನಿನ ಚೆಲ್ಸಿಯ ಔಷಧವನಕ್ಕೆ ಹೋಗಿದ್ದ ಜಾನ್ ಎವೆಲಿನ್, ನೆಲದಡಿಯಲ್ಲಿ ಬೆಂಕಿಯ ಶಾಖ ಹಾಯಿಸಿದ ಇಂಥದೊಂದು ಗಿಡದ ಮನೆಯನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬೆಂಕಿ ಬಂತು, ಬೆಚ್ಚಗಾಯಿತು. ಆದರೂ ಡಿಸೆಂಬರಿನ ಮಬ್ಬಿನಲ್ಲಿ ಗಿಡಗಳು ಸೊರಗುತ್ತಿದ್ದವು.

ಕಾರಣ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಎಲೆಯೇ ಗಿಡದ ಅಡುಗೆಮನೆ, ಬೆಳಕೇ ಅದರ ಒಲೆ. ಕೋಣೆ ಬೆಚ್ಚಗಾದಷ್ಟೂ ಗಿಡ ಉಸಿರಾಡುವುದು ಹೆಚ್ಚು, ಕೂಡಿಟ್ಟ ಆಹಾರ ಕರಗುವುದು ಹೆಚ್ಚು. ಬೆಳಕಿಲ್ಲದಿದ್ದರೆ ಹೊಸ ಅಡುಗೆಯಿಲ್ಲ. ದುಡಿಮೆ ನಿಂತ ಮನೆಯಲ್ಲಿ ಖರ್ಚು ಮಾತ್ರ ಏರಿದ ಹಾಗೆ! ಕತ್ತಲೆಗೆ ಶಾಖ ಸೇರಿದರೆ ಗಿಡಕ್ಕೆ ಬರುವುದು ಉಪವಾಸವೇ.

ಗಾಜಿನ ಚಾವಣಿ ಬಂದ ಮೇಲೆ ಕಷ್ಟ ಅರ್ಧ ನೀಗಿತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿದ್ದ ತೆರಿಗೆ ರದ್ದಾದದ್ದು 1845ರಲ್ಲಿ. ಕ್ಯೂ ಉದ್ಯಾನದಲ್ಲಿ ತಾಳೆ ಜಾತಿಯ ಮರಗಳಿಗಾಗಿ ಕಟ್ಟಿದ ಗಾಜಿನ ಮನೆ 1848ರಲ್ಲಿ ಮುಗಿಯಿತು. ಅದೇ ವ್ಯಾಮೋಹದ ಕುಡಿ ನಮ್ಮ ಲಾಲ್‌ಬಾಗಿಗೂ ಬಂತು. ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ನೂರು ಸಲ ಫಲಪುಷ್ಪ ಪ್ರದರ್ಶನಕ್ಕೆ ಹೋದ ನನಗೆ, ಹಿಮವೇ ಬೀಳದ ಬೆಂಗಳೂರಿಗೆ ಈ ಗಾಜಿನ ಮನೆ ಯಾಕೆ ಎಂಬ ಪ್ರಶ್ನೆ ಹೊಳೆದಿರಲಿಲ್ಲ. ನಮಗೆ ಅದು ಅಲಂಕಾರ. ಅವರಿಗೆ ಅನ್ನದ ಪ್ರಶ್ನೆ.

ಗಾಜು ಇರುವ ಬೆಳಕನ್ನು ಒಳಗೆ ಬಿಟ್ಟೀತು, ಇಲ್ಲದ ಬೆಳಕನ್ನು ತಂದೀತೆ? ಶಿಕಾಗೋದಲ್ಲಿ ಡಿಸೆಂಬರಿನ ಹಗಲು 9 ಗಂಟೆಯಷ್ಟು ಮಾತ್ರ. ಬೆಂಗಳೂರಿನ ಅತಿ ಚಿಕ್ಕ ಹಗಲು ಕೂಡ 11 ಗಂಟೆಗಿಂತ ದೊಡ್ಡದು.

ಈ ಕೊರತೆಯನ್ನು ದೀಪದಿಂದ ತುಂಬಬಹುದೆ ಎಂದು ನೋಡಿದವರಲ್ಲಿ ಮೊದಲಿಗರಾದ ರಷ್ಯಾದ ವಿಜ್ಞಾನಿ ಫಾಮಿಂತ್ಸಿನ್, 1860ರ ದಶಕದಲ್ಲಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಪಾಚಿಯನ್ನು ಬೆಳೆಸಿದರು. ಮುಂದೆ 1880ರಲ್ಲಿ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಇಂಜಿನಿಯರ್ ವಿಲಿಯಂ ಸೀಮನ್ಸ್ ತಮ್ಮ ಮನೆಯ ತೋಟದಲ್ಲಿ ವಿದ್ಯುತ್ತಿನ ಚಾಪದೀಪ ಹಚ್ಚಿ ಗಿಡ ಬೆಳೆಸತೊಡಗಿದರು. ಚಳಿಗಾಲದಲ್ಲಿ ಸ್ಟ್ರಾಬೆರಿ ಹಣ್ಣಾಯಿತು, ಬಾಳೆಯೂ ಬೆಳೆಯಿತು. ರಾಯಲ್ ಸೊಸೈಟಿಯ ಸಭೆಯಲ್ಲೇ ಟ್ಯೂಲಿಪ್ ಮೊಗ್ಗುಗಳಿಗೆ ಆ ಬೆಳಕು ಹಿಡಿದಾಗ, ಒಂದು ಗಂಟೆಯೊಳಗೆ ಹೂ ಅರಳಿದವಂತೆ. ಆದರೆ ಬರಿಯ ಚಾಪದೀಪ ಎಲೆಯನ್ನು ಸುಡುತ್ತಿತ್ತು. ನಡುವೆ ಗಾಜು ಹಿಡಿದರೆ ತೊಂದರೆ ಕಡಿಮೆ. 1890ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಿಬರ್ಟಿ ಹೈಡ್ ಬೈಲಿ ಇದೇ ಪ್ರಯೋಗವನ್ನು ಮುಂದುವರಿಸಿದರು. ಖರ್ಚು ಮಾತ್ರ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ.

ಎಟುಕಿಸಿದ್ದು ಟ್ಯೂಬ್‌ಲೈಟು. ಅದು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಹಳೆಯ ಬಲ್ಬಿನಷ್ಟು ಬಿಸಿಯಾಗದ ಕಾರಣ ಗಿಡದ ಹತ್ತಿರವೇ ತೂಗುಹಾಕಬಹುದಿತ್ತು. ಮನೆಯ ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರದ ಪಕ್ಕದಲ್ಲೇ ಅಲ್ಲಿನ ಗೃಹಿಣಿಯರು ಟ್ಯೂಬ್‌ಲೈಟಿನಡಿ ಆಫ್ರಿಕನ್ ವಯಲೆಟ್ ಹೂಗಳನ್ನು ಅರಳಿಸಿದರು. ಈ ಗಿಡಪ್ರಿಯರು 1946ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. 1957ರಲ್ಲಿ ಫ್ರೆಡರಿಕ್ ಮತ್ತು ಜಾಕ್ವೆಲಿನ್ ಕ್ರಾಂಜ್ ದಂಪತಿಗಳು ದೀಪದಡಿಯ ತೋಟಗಾರಿಕೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ದೊರೆಯ ಅರಮನೆಯಲ್ಲಿ ಶುರುವಾದ ವಿದ್ಯೆ ಹೀಗೆ ಬಟ್ಟೆ ಒಗೆಯುವ ಕೋಣೆಗೆ ಇಳಿಯಿತು. ನನಗೆ ಬಹಳ ಹಿಡಿಸಿದ ಅಧ್ಯಾಯ ಇದು.

ಬೊನ್ಸಾಯ್ ಈ ದೀಪದಡಿಗೆ ಬಂದ ಕಥೆಯೂ ಇದರ ಜೊತೆಗೇ ಸೇರಿಕೊಂಡಿದೆ. ಜಪಾನಿನ ಹಳೆಯ ಬೊನ್ಸಾಯ್‌ಗಳು ಪೈನ್, ಮೇಪಲ್ ಜಾತಿಯವು. ಅವಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ಹೀಟರಿನ ಮನೆಯೊಳಗೆ ಇಟ್ಟರೆ ಕೆಡುತ್ತವೆ. ಅಂಗಳವಿಲ್ಲದ ಫ್ಲಾಟಿನ ಜನ ನಿದ್ದೆ ಬೇಡದ ಉಷ್ಣವಲಯದ ಮರಗಳತ್ತ ಕೈಚಾಚಿದರು. ಅವಕ್ಕೆ ನಿದ್ದೆ ಬೇಡ, ಸರಿ. ಆದರೆ ಎಚ್ಚರವಾಗಿದ್ದವರಿಗೆ ಊಟ ಬೇಕಲ್ಲ?

ಇವತ್ತಿನ ಎಲ್‌ಇಡಿ ದೀಪ ಆ ಊಟವನ್ನು ಅಗ್ಗವಾಗಿ ಬಡಿಸುತ್ತದೆ. ಎಲೆಯ ಹಸಿರು ಮುಖ್ಯವಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತದೆ. ಕೆಂಪು ಎಲ್‌ಇಡಿ ಮೊದಲೇ ಇತ್ತು. ಪ್ರಖರವಾದ ನೀಲಿ ಸಿದ್ಧಿಸಿದ್ದು 1990ರ ದಶಕದಲ್ಲಿ. ಅದಕ್ಕಾಗಿ ಅಕಾಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಹಸಿರು ಬೆಳಕನ್ನೂ ಎಲೆ ಬಳಸಿಕೊಳ್ಳುತ್ತದೆಂದು ಮಕ್ರೀ ಎಂಬ ವಿಜ್ಞಾನಿ 1972ರಲ್ಲೇ ತೋರಿಸಿದ್ದರು. ಅದಕ್ಕೇ ಈಗ ಬಿಳಿಯ ದೀಪಗಳೂ ಬಂದಿವೆ. ಮಗಳ ಮನೆಯದೂ ಬಿಳಿಯದೇ. ಕುಂಡದಡಿಯ ತಟ್ಟೆಯಲ್ಲಿ ಬೆಣಚುಕಲ್ಲು, ನೀರು. ಹೀಟರಿನ ಒಣಗಾಳಿಗೆ ಅದು ಅಷ್ಟಿಷ್ಟು ತೇವ ಕೊಡುತ್ತದೆ. ಮಣ್ಣಿನ ಮೇಲ್ಪದರ ಬೆರಳಿಗೆ ಒಣಗಿದಂತೆ ಕಂಡಾಗ ಮಾತ್ರ ನೀರು. ರಾತ್ರಿ ದೀಪ ತಾನಾಗಿ ಆರುತ್ತದೆ, ಗಿಡಕ್ಕೂ ಕತ್ತಲೆಯ ಹೊತ್ತೊಂದು ಇರಲೆಂದು.

ಮಬ್ಬು ಕೋಣೆ ನಮಗೆ ಮಬ್ಬೆನಿಸುವುದಿಲ್ಲ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಿದರೆ, ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಮಾತ್ರ. ಕಣ್ಣು ಹೊಂದಿಕೊಂಡು ನಮ್ಮನ್ನು ಮೋಸಗೊಳಿಸುತ್ತದೆ. ಗಿಡ ಮೋಸಹೋಗುವುದಿಲ್ಲ.

ಮಗಳೂ ಮೋಸಹೋಗಿರಲಿಲ್ಲ. ಮೋಸಹೋದವಳು ನಾನು. ಹೆರಿಗೆಗೆ ಹಿಂದಿನ ಎರಡು ಚಳಿಗಾಲದಲ್ಲೂ ಅವಳು ಫೋನಿನಲ್ಲಿ, "ಯಾಕೋ ಏನೂ ಬೇಡ ಅನ್ನಿಸುತ್ತೆ ಅಮ್ಮ" ಎನ್ನುತ್ತಿದ್ದಳು. "ಏನು ಕಡಿಮೆಯಾಗಿದೆ ನಿನಗೆ? ಬೆಚ್ಚಗಿನ ಮನೆ, ಒಳ್ಳೆಯ ಗಂಡ" ಎಂದು ಗದರಿ, ಮರುವಾರ ಇನ್ನೊಂದು ಸ್ವೆಟರು ಕಳಿಸುತ್ತಿದ್ದೆ. ಈ ಸಲ ಕಣ್ಣಾರೆ ಕಂಡೆ. ಮಗುವಿಗೆ ಹಾಲೂಡಿಸುವಾಗ ಅವಳು ಮೆತ್ತನೆಯ ಸೋಫಾ ಬಿಟ್ಟು, ಆ ಮರದ ಪಕ್ಕದ ಗಟ್ಟಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಕೇಳಿದರೆ, "ಗೊತ್ತಿಲ್ಲ ಅಮ್ಮ, ಇಲ್ಲಿ ಕೂತರೆ ಸ್ವಲ್ಪ ಹಗಲು ಅನ್ನಿಸುತ್ತೆ" ಎಂದಳು.

ಅವತ್ತು ನಾನು ಗದರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇದಕ್ಕೊಂದು ಹೆಸರಿದೆ, ಋತುವಿನ ಜೊತೆ ಬರುವ ಖಿನ್ನತೆ ಎಂದರು ಅವರು. 1984ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟವರಲ್ಲಿ ಪ್ರಮುಖರಾದ ನಾರ್ಮನ್ ರೋಸೆಂತಾಲ್ ಸ್ವತಃ ಬಿಸಿಲ ನಾಡಿನವರು. 1976ರಲ್ಲಿ ದಕ್ಷಿಣ ಆಫ್ರಿಕದಿಂದ ನ್ಯೂಯಾರ್ಕಿಗೆ ಬಂದು, ಅಲ್ಲಿನ ಚಳಿಗಾಲದಲ್ಲಿ ತಾವೇ ಕುಗ್ಗಿದ್ದವರು. ಡಾಕ್ಟರು ಮಗಳಿಗೆ ಬೇರೆಯದೇ ದೀಪವೊಂದನ್ನು ಹೇಳಿದರು. 10,000 ಲಕ್ಸ್ ಬೆಳಕು, ಬೆಳಗ್ಗೆ ಎದ್ದೊಡನೆ ಅರ್ಧ ಗಂಟೆ. ಬಾಣಂತಿಯ ಮನಸ್ಸಿನ ಭಾರಕ್ಕೆ ದೀಪವೊಂದೇ ಸಾಲದೆಂದು, ವಾರಕ್ಕೊಮ್ಮೆ ಬಂದು ಮಾತಾಡಲೂ ಹೇಳಿದರು. ಜನವರಿ ಕೊನೆಯ ಹೊತ್ತಿಗೆ ಅವಳು ಮಗುವಿಗೆ ಜೋಗುಳ ಹಾಡುವುದು ಅಡುಗೆಮನೆಗೆ ಕೇಳಿಸಿತು. ನಾನು ಒಲೆ ಆರಿಸಿ ಸುಮ್ಮನೆ ನಿಂತು ಕೇಳಿದೆ.

ತಾಯಂದಿರಾದ ನಮಗೆ ಮಕ್ಕಳು ಬೆಚ್ಚಗಿದ್ದಾರೆಯೇ, ಹೊಟ್ಟೆ ತುಂಬಿದೆಯೇ ಎಂದು ಕೇಳಿ ಗೊತ್ತು. ದೂರದೂರಿನಲ್ಲಿ ಅವರು ಕಳೆದುಕೊಂಡದ್ದು ನಾವು ಪೆಟ್ಟಿಗೆಯಲ್ಲಿ ತುಂಬಿ ಕಳಿಸಲಾಗದ ವಸ್ತುವಾಗಿರಬಹುದು ಎಂದು ನಮಗೆ ಹೊಳೆಯುವುದಿಲ್ಲ.

ನಾನು ಏಪ್ರಿಲಿನಲ್ಲಿ ಊರಿಗೆ ಮರಳಿದೆ. ಮೇ ಕೊನೆಯಲ್ಲಿ ಮರವನ್ನು ಬಾಲ್ಕನಿಗೆ ಇಟ್ಟೆವೆಂದು ಮಗಳು ಫೋನು ಮಾಡಿದಳು; ಎಳೆಯ ಎಲೆ ಬಿಸಿಲಿಗೆ ಸುಡದಿರಲೆಂದು ಮೊದಲ ವಾರ ನೆರಳಿನಲ್ಲಿಟ್ಟಿದ್ದರಂತೆ. ಈಗ ಚಳಿಗಾಲದಲ್ಲಿ ಅವಳು ಫೋನೆತ್ತಿದಾಗ ಸ್ವೆಟರಿನ ಮಾತು ಆಮೇಲೆ. "ಇವತ್ತು ಬಿಸಿಲು ಬಂದಿತ್ತೇನೇ?" ಎಂದು ಮೊದಲು ಕೇಳುತ್ತೇನೆ.