ಸ್ಪ್ಯಾನರ್ ಹಿಡಿದ ಸಿಪಾಯಿಗಳು

ನಮ್ಮ ಬೈಲಹೊಂಗಲದ ಕಡೆ ಇತಿಹಾಸ ಅಂದ್ರೆ ಖಡ್ಗ. ಊರಲ್ಲೇ ಕಿತ್ತೂರು ಚೆನ್ನಮ್ಮನ ಸಮಾಧಿ, ಸನಿಹದಲ್ಲೇ ರಾಯಣ್ಣನ ಸಂಗೊಳ್ಳಿ. ಬೆಳಗಾವಿಯಲ್ಲಿ 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರೋದ್ರಿಂದ 'ಮಿಲ್ಟ್ರಿಗೆ ಹೋಗೋದು' ನಮ್ಮ ಹಳ್ಳಿಗಳಿಗೆ ಹೊಸ ಮಾತೇನಲ್ಲ. ಆದರೆ ಮಿಲ್ಟ್ರಿಗೆ ಹೋದವರೆಲ್ಲ ಬಂದೂಕು ಹಿಡಿದು ಗಡಿಯಲ್ಲಿ ನಿಂತಿರ್ತಾರೆ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ.

ನಮ್ಮ ಸಂಬಂಧಿಕರೊಬ್ಬರು ಸೈನ್ಯದಲ್ಲಿ ವಾಹನ ಮೆಕ್ಯಾನಿಕ್ ಆಗಿದ್ದರು. ರಜೆಗೆ ಬಂದಾಗ ಓಣಿ ಹುಡುಗರು "ಕಾಕಾ, ಎಷ್ಟ್ ಮಂದೀನ ಹೊಡದ್ರಿ?" ಅಂತ ಕೇಳೋರು. "ಮಂದೀನ ಹೊಡೀಲಿಲ್ಲೋ ತಮ್ಮಾ, ಕೆಟ್ಟ ಗಾಡಿ ಚಾಲೂ ಮಾಡೀನಿ" ಅನ್ನೋರು ಕಾಕಾ. ಹುಡುಗರ ಮುಖ ಸಪ್ಪಗಾಗುತ್ತಿತ್ತು. ಆ ಉತ್ತರದ ಹಿಂದೆ ಎಷ್ಟು ದೊಡ್ಡ ಕಥೆ ಇದೆ ನೋಡಿ.

ಎರಡನೇ ಮಹಾಯುದ್ಧದವರೆಗೆ ಭಾರತೀಯ ಸೈನ್ಯದಲ್ಲಿ ವಾಹನ ರಿಪೇರಿಗೆ ಅಂತಲೇ ಪ್ರತ್ಯೇಕ ದಳ ಇರಲಿಲ್ಲ. ಬೇರೆ ಬೇರೆ ದಳಗಳು ಆ ಕೆಲಸ ಹಂಚಿಕೊಂಡಿದ್ದವು. ಟ್ಯಾಂಕು, ಟ್ರಕ್ಕುಗಳ ಯುದ್ಧ ಶುರುವಾದ ಮೇಲೆ ಅದು ಸಾಲದಾಯಿತು. ಬ್ರಿಟಿಷರು 1942ರಲ್ಲಿ ತಮ್ಮ ಸೈನ್ಯಕ್ಕೆ ಇಂಥ ದಳ ಕಟ್ಟಿದರು. 1943ರ ಮೇ 1ರಂದು ಭಾರತದಲ್ಲೂ ಹುಟ್ಟಿತು. ಅದೇ ಇಂದಿನ ಇ.ಎಂ.ಇ. ದಳ. ಬೇರೆ ಕಡೆ ಸಿಪಾಯಿ ಅನ್ನೋ ಹುದ್ದೆಗೆ ಇಲ್ಲಿ 'ಕ್ರಾಫ್ಟ್ಸ್‌ಮನ್' ಅನ್ನುತ್ತಾರೆ. ಕಾಕಾ ಸಿಕಂದರಾಬಾದಿನ ಕೇಂದ್ರದಲ್ಲಿ ತರಬೇತಿ ಪಡೆದವರು. ಮೊದಲು ಎಲ್ಲರ ಹಾಗೆ ಪರೇಡು, ರೈಫಲ್ಲು. ಆಮೇಲೆ ಪಾನಾ, ಗ್ರೀಸು. ಹೊಸಬನಾದವನು ಉಸ್ತಾದ್ ಕೇಳಿದ ನಂಬರಿನ ಪಾನಾ ಎತ್ತಿ ಕೊಡಬೇಕು, ಬಿಚ್ಚಿದ ಭಾಗಗಳನ್ನು ತೊಳೆಯಬೇಕು. ಇಂಜಿನ್ ಮುಟ್ಟೋದು ನಂತರದ ಮಾತು. ಅವರ ಕಾಲದ ಗಾಡಿಗಳು ಜರ್ಮನಿಯ ಮಾದರಿಯ ಶಕ್ತಿಮಾನ್ ಟ್ರಕ್ಕು ಮತ್ತು ಜೋಂಗಾ. ಎರಡೂ ಜಬಲ್ಪುರದಲ್ಲಿ ತಯಾರಾದವು.

ಈ ದಳಕ್ಕೆ ಐದು ವರ್ಷ ತುಂಬಿದಾಗ ಬಂದದ್ದು ಜೋಜಿ ಲಾ. 1948ರಲ್ಲಿ ಸುಮಾರು 11,500 ಅಡಿ ಎತ್ತರದ ಆ ಕಣಿವೆ ದಾರಿ ಶತ್ರುಗಳ ಕೈಯಲ್ಲಿತ್ತು, ಲೇಹ್‌ಗೆ ರಸ್ತೆ ಬಂದ್ ಆಗಿತ್ತು. ಪದಾತಿ ದಳದ ದಾಳಿಗಳು ಫಲಿಸಲಿಲ್ಲ. ಆಗ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸೋಣ ಅಂದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕು ಒಂದೊಂದೂ ಸುಮಾರು 15 ಟನ್. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯುವಂಥವಲ್ಲ, ಗುಟ್ಟೂ ಬಯಲಾಗಬಾರದು. ಹಾಗಾಗಿ ಟ್ಯಾಂಕುಗಳ ಮೇಲಿನ ಗೋಪುರಗಳನ್ನೇ ಬಿಚ್ಚಿ ಬೇರೆಯಾಗಿ ಸಾಗಿಸಿ, ಮೇಲೆ ಹೋದಮೇಲೆ ಮತ್ತೆ ಕೂರಿಸಿದರು. ಕಣಿವೆಯ ಜೀಪ್ ಹಾದಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್.

ಒಂದು ಕ್ಷಣ ಯೋಚಿಸಿ. ಗೋಪುರ ಅಂದರೆ ಬರೀ ಮುಚ್ಚಳ ಅಲ್ಲ, ಫಿರಂಗಿ ಸಮೇತ ತಿರುಗಬೇಕಾದ ಭಾಗ. ಬೋಲ್ಟು, ವೈರು ಎಲ್ಲ ಸರಿಯಾಗಿ ಕೂಡದಿದ್ದರೆ ಗುರಿಯೇ ಇಲ್ಲ. ಚಳಿಗೆ ಆಯಿಲ್ ಗಟ್ಟಿಯಾಗುತ್ತೆ, ಬ್ಯಾಟರಿ ಸೋಲುತ್ತೆ, ಕಬ್ಬಿಣ ಮುಟ್ಟಿದರೆ ಬೆರಳು ಮರಗಟ್ಟುತ್ತೆ. ನವೆಂಬರ್ 1ರ ಹಿಮದಲ್ಲಿ ಆ ಇಂಜಿನ್‌ಗಳು ಚಾಲೂ ಆದವು. ಅಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮರಳಿ ಕೈಗೆ ಬಂದವು, ಲೇಹ್‌ಗೆ ದಾರಿ ತೆರೆಯಿತು.

ಪುಸ್ತಕಗಳಲ್ಲಿ ತಿಮ್ಮಯ್ಯನವರ ಹೆಸರಿದೆ, ಇರಲೇಬೇಕು. ಬೋಲ್ಟು ಬಿಗಿದವರ ಹೆಸರು ಕಾಣೋದಿಲ್ಲ. ನಮ್ಮ ಸಾಫ್ಟ್‌ವೇರ್ ಧಂದೆಯಲ್ಲೂ ಅಷ್ಟೇ ಬಿಡಿ, ಹೊಸದನ್ನು ಕಟ್ಟಿದವನಿಗೆ ಕೇಕು, ನಡುರಾತ್ರಿ ಸರ್ವರ್ ಎಬ್ಬಿಸಿದವನಿಗೆ ಮರುದಿನ ಒಂಬತ್ತಕ್ಕೆ ಮೀಟಿಂಗು :-) ಆದರೆ ನಮ್ಮಲ್ಲಿ ಗಾಡಿ ನಿಂತರೆ ನಷ್ಟ ಆಗೋದು ದುಡ್ಡು, ಅಲ್ಲಿ ಜೀವ.

ನಿಮ್ಮ ಊರಲ್ಲೂ ಸೈನ್ಯದಿಂದ ನಿವೃತ್ತರಾದ ಮೆಕ್ಯಾನಿಕ್, ಡ್ರೈವರ್, ಅಡುಗೆಯವರು ಇದ್ದೇ ಇರ್ತಾರೆ. ಎಷ್ಟು ಮಂದೀನ ಹೊಡದ್ರಿ ಅಂತ ಕೇಳಬೇಡಿ. ಯಾವ ಗಾಡಿ, ಎಲ್ಲಿ ಕೆಟ್ಟಿತ್ತು, ಹೆಂಗ ಚಾಲೂ ಮಾಡಿದ್ರಿ ಅಂತ ಕೇಳಿ, ಕನ್ನಡದಲ್ಲಿ ಬರೆದಿಡಿ. ಅವರು ಇರುವಾಗಲೇ.